ಬಳ್ಳಾರಿಯಿಂದ ಮೆದಕ್‌ವರೆಗೆ: ಮನೋರೋಗದ ಚಿಕಿತ್ಸೆ ಹಳ್ಳಿಯ ದವಾಖಾನೆಗೆ ಬಂದ ಕತೆ

ಪ್ರತಿಯೊಂದು ಸೀಮೆಯವರೂ ತಮ್ಮ ಬಯ್ಗುಳಕ್ಕೆ ಒಂದು ಊರನ್ನು ಗೊತ್ತುಮಾಡಿಕೊಂಡಿರುತ್ತಾರೆ. ನಮ್ಮ ಉತ್ತರ ಕರ್ನಾಟಕದವರಿಗೆ ಅದು ಧಾರವಾಡ. ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ ‘ಇವನ್ನ ಧಾರವಾಡಕ್ಕ ಕಳಸಬೇಕು’ ಅನ್ನುವುದು ವಾಡಿಕೆ. ಹಿಂದಿಯವರಿಗೆ ಆಗ್ರಾ, ರಾಂಚಿ. ಹೊಟ್ಟೆಪಾಡಿಗೆಂದು ಈ ಹೈದರಾಬಾದಿಗೆ ಬಂದ ಮೇಲೆ ನಮಗೆ ಇನ್ನೊಂದು ಹೆಸರು ಸಿಕ್ಕಿತು, ಎರ್ರಗಡ್ಡ. ಕಚೇರಿಯಲ್ಲಿ ಯಾರಾದರೂ ಕಡತವನ್ನು ತಪ್ಪು ಮೇಜಿಗೆ ಕಳಿಸಿದರೆ ‘ಎರ್ರಗಡ್ಡ ಕೇಸ್’ ಎಂದು ನಗುತ್ತಾರೆ. ನಾವೂ ನಕ್ಕಿದ್ದೇವೆ. ೨೦೨೦ರ ಮಾರ್ಚಿಯ ಕೊನೆಯಲ್ಲಿ ನಮ್ಮ ಷಡ್ಡಕರನ್ನು ಅದೇ ಎರ್ರಗಡ್ಡಕ್ಕೆ ಕರೆದುಕೊಂಡು ಹೋಗಬೇಕಾಗಿ ಬಂದ ದಿನದಿಂದ ನಗುವುದನ್ನು ಬಿಟ್ಟೆವು.

ಆ ಸಂಗತಿಗೆ ಆಮೇಲೆ ಬರೋಣ. ಅದಕ್ಕೆ ಮೊದಲು ಓದುಗರಿಗೆ ಹೇಳಬೇಕಾದ ಒಂದು ಚರಿತ್ರೆಯಿದೆ. ಅದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆದದ್ದು. ದೇಶಕ್ಕೆಲ್ಲ ಮಾದರಿಯಾದದ್ದು. ಆದರೂ ಬಳ್ಳಾರಿಯ ಕೋಟೆ, ಬಿಸಿಲು ಮತ್ತು ಅದಿರಿನ ಬಗ್ಗೆ ಮಾತಾಡುವವರಲ್ಲಿ ನೂರಕ್ಕೆ ಒಬ್ಬರಿಗೂ ಅದು ಗೊತ್ತಿಲ್ಲ.

ದೇಹಕ್ಕೆ ಒಂದು ಆಸ್ಪತ್ರೆ, ಮನಸ್ಸಿಗೆ ಬೇರೆ ಆಸ್ಪತ್ರೆ ಎಂಬ ವಿಂಗಡಣೆ ವೈದ್ಯರಿಗಿಂತ ಹೆಚ್ಚಾಗಿ ಸರ್ಕಾರದ ಕಾಗದಪತ್ರಗಳಿಂದ ಹುಟ್ಟಿತೆಂದು ನಮ್ಮ ಅಭಿಪ್ರಾಯ. ಬ್ರಿಟಿಷ್ ಭಾರತದಲ್ಲಿ ೧೯೧೨ರ ‘ಲ್ಯೂನಸಿ’ ಕಾಯಿದೆ ಇತ್ತು. ಅದರ ಪ್ರಕಾರ ಮನೋರೋಗಿಯ ದಾಖಲಾತಿ ಬಹುಮಟ್ಟಿಗೆ ಮ್ಯಾಜಿಸ್ಟ್ರೇಟರ ಹುಕುಮಿನ ಮೇಲೆ ನಡೆಯಬೇಕು. ಜ್ವರ ಬಂದವನು ತಾನೇ ನಡೆದು ಡಾಕ್ಟರ ಬಳಿ ಹೋಗುತ್ತಾನೆ. ಮನಸ್ಸು ಕೆಟ್ಟವನನ್ನು ಪೊಲೀಸರು ಕೋರ್ಟಿನ ಮೂಲಕ ಕಳಿಸುತ್ತಾರೆ. ಒಂದು ವೈದ್ಯಕೀಯ ಇಲಾಖೆಯ ಕೆಲಸ, ಇನ್ನೊಂದು ಶಾಂತಿಪಾಲನೆಯ ಕೆಲಸ. ಈ ಕಾಯಿದೆ ಸ್ವಾತಂತ್ರ್ಯ ಬಂದ ಮೇಲೂ ೪೦ ವರ್ಷಕ್ಕಿಂತ ಹೆಚ್ಚು ಕಾಲ ನಡೆಯಿತು. ಅದರ ಜಾಗಕ್ಕೆ ಬಂದ ೧೯೮೭ರ ಕಾಯಿದೆ ಜಾರಿಯಾದದ್ದು ೧೯೯೩ರಲ್ಲಿ. ನಿಜಾಮರ ಸೀಮೆಯಲ್ಲೂ ಬೇರೆ ರೀತಿಯೇನೂ ಇರಲಿಲ್ಲ. ಹೈದರಾಬಾದ್ ಸಂಸ್ಥಾನದ ಮಾನಸಿಕ ಆಸ್ಪತ್ರೆ ದೂರದ ಜಾಲನಾದಲ್ಲಿತ್ತು. ಅದು ೧೯೫೩ರಲ್ಲಿ ಎರ್ರಗಡ್ಡಕ್ಕೆ ಬಂತು. ರಾಯಚೂರು, ಗುಲ್ಬರ್ಗ, ಬೀದರಿನ ಕಡೆಯವರು ತಮ್ಮವರನ್ನು ಅಷ್ಟು ದೂರ ಹೇಗೆ ಸಾಗಿಸುತ್ತಿದ್ದರೋ, ಎಷ್ಟು ಮಂದಿ ಸಾಗಿಸದೆ ಮನೆಯ ಹಿತ್ತಿಲಿನಲ್ಲೇ ಕಟ್ಟಿಹಾಕುತ್ತಿದ್ದರೋ.

೧೯೪೬ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗ ಇಡೀ ದೇಶದ ಮಾನಸಿಕ ಆಸ್ಪತ್ರೆಗಳಲ್ಲಿ ಇದ್ದ ಹಾಸಿಗೆಗಳು ಸುಮಾರು ೧೦,೦೦೦. ಜನಸಂಖ್ಯೆ ೪೦ ಕೋಟಿ. ಲೆಕ್ಕ ಹಾಕಲು ಬಿ.ಎಸ್ಸಿ. ಬೇಕಾಗಿಲ್ಲ. ಸಮಿತಿಯ ಸಲಹೆಯ ಫಲವಾಗಿ ೧೯೫೪ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ೧೯೭೪ರ ಡಿಸೆಂಬರಿನಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಮನೋವೈದ್ಯರ ತರಬೇತಿ ನಡೆಯಿತು, ನಿಜ. ಆದರೆ ಎಷ್ಟು ವರ್ಷ ತರಬೇತಿ ಕೊಟ್ಟರೂ ಹಳ್ಳಿಗೊಬ್ಬ ಮನೋವೈದ್ಯ ಸಿಗುವುದಿಲ್ಲವೆಂಬುದು ಅಲ್ಲಿಯವರಿಗೇ ಬೇಗ ಮನವರಿಕೆಯಾಯಿತು. ಇಂದಿಗೂ ನಮ್ಮ ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರಿಲ್ಲ.

ಹಾಗಾದರೆ ಉಪಾಯವೇನು? ೧೯೭೫ರಲ್ಲಿ ನಿಮ್ಹಾನ್ಸಿನಲ್ಲಿ ಸಮುದಾಯ ಮನೋವೈದ್ಯ ಘಟಕ ಆರಂಭವಾಯಿತು. ಅದರ ಮುಂದಾಳು ಡಾ. ಆರ್. ಎಲ್. ಕಪೂರ್. ಪಂಜಾಬಿನ ಕಡೆಯವರಾದರೂ ನಮ್ಮ ಕರಾವಳಿಯನ್ನು ಚೆನ್ನಾಗಿ ಬಲ್ಲವರು. ಉಡುಪಿ ಕಡೆಯ ಕೋಟದ ಜನರ ಮನಸ್ಸಿನ ಬೇನೆಗಳನ್ನು ಮನೆಮನೆಗೆ ಹೋಗಿ ಅಧ್ಯಯನ ಮಾಡಿ, ಮಾರಿಸ್ ಕಾರ್‌ಸ್ಟೇರ್ಸ್ ಎಂಬ ವಿದ್ವಾಂಸರ ಜೊತೆ ೧೯೭೬ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಈ ಘಟಕ ಬನ್ನೇರುಘಟ್ಟದ ಹತ್ತಿರದ ಸಕಲವಾರ ಎಂಬ ಹಳ್ಳಿಯಲ್ಲಿ ಒಂದು ಕೇಂದ್ರ ತೆರೆಯಿತು. ಅದೇ ಕಾಲಕ್ಕೆ ಚಂಡೀಗಡದ ಹತ್ತಿರ ರಾಯ್‌ಪುರ್ ರಾಣಿ ಎಂಬಲ್ಲಿ ಡಾ. ಎನ್. ಎನ್. ವಿಗ್ ಮತ್ತು ಸಂಗಡಿಗರು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಇಂಥದೇ ಪ್ರಯೋಗ ನಡೆಸಿದರು. ಇಬ್ಬರ ಪ್ರಶ್ನೆಯೂ ಒಂದೇ: ಮಲೇರಿಯಾ ಗುಳಿಗೆ ಕೊಡುವ, ಹೆರಿಗೆ ಮಾಡಿಸುವ, ಚುಚ್ಚುಮದ್ದು ಹಾಕುವ ಅದೇ ಡಾಕ್ಟರು, ಅದೇ ನರ್ಸಮ್ಮ ಮನೋರೋಗವನ್ನೂ ಗುರುತಿಸಿ ಔಷಧ ಕೊಡಲು ಆಗುತ್ತದೆಯೇ? ಆಗುತ್ತದೆ ಎಂದು ಎರಡೂ ಕಡೆ ತಿಳಿದುಬಂತು. ೧೯೭೮ರಲ್ಲಿ ಸೋವಿಯತ್ ದೇಶದ ಆಲ್ಮಾ ಆಟಾದಲ್ಲಿ ನಡೆದ ಸಮ್ಮೇಳನ ಪ್ರಾಥಮಿಕ ಆರೋಗ್ಯವೇ ಎಲ್ಲಕ್ಕೂ ತಳಹದಿಯೆಂದು ಘೋಷಿಸಿದ್ದು ಇವರ ಕೈಗೆ ಬಲ ಕೊಟ್ಟಿತು. ೧೯೮೨ರ ಆಗಸ್ಟಿನಲ್ಲಿ ಕೇಂದ್ರ ಆರೋಗ್ಯ ಪರಿಷತ್ತು ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಅಂಗೀಕರಿಸಿತು. ಅಷ್ಟು ಬೇಗ ಇಂಥ ಕಾರ್ಯಕ್ರಮವನ್ನು ಬರೆದಿಟ್ಟ ದೇಶಗಳು ಕಡಿಮೆ.

ಬರೆದಿಡುವುದು ಬೇರೆ, ನಡೆಸುವುದು ಬೇರೆ ಎಂಬುದು ಸರ್ಕಾರಿ ನೌಕರರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಆರೋಗ್ಯ ಕೇಂದ್ರದಲ್ಲಿ ನಾಲ್ಕು ಜನ ಉತ್ಸಾಹಿಗಳು ನಿಂತು ಮಾಡಿ ತೋರಿಸಿದ್ದು ಒಂದು ಇಡೀ ಜಿಲ್ಲೆಯಲ್ಲಿ ನಡೆಯುತ್ತದೆಂದು ಹೇಳುವ ಹಾಗಿಲ್ಲ. ಅದನ್ನು ಪರೀಕ್ಷಿಸಲು ಆರಿಸಿಕೊಂಡ ಜಿಲ್ಲೆಯೇ ಬಳ್ಳಾರಿ. ಆಗ ಅದರ ಜನಸಂಖ್ಯೆ ೨೦ ಲಕ್ಷದ ಆಸುಪಾಸು. ಬೆಂಗಳೂರಿನಿಂದ ಸುಮಾರು ೩೦೦ ಕಿಲೋಮೀಟರು. ನಿಮ್ಹಾನ್ಸಿನ ತಜ್ಞರು ಬೆಳಿಗ್ಗೆ ಬಂದು ಸಂಜೆ ಹಿಂತಿರುಗುವ ದೂರವಲ್ಲ. ೧೯೮೫ರಿಂದ ೧೯೯೦ರವರೆಗೆ ರಾಜ್ಯದ ಆರೋಗ್ಯ ಇಲಾಖೆಯೂ ನಿಮ್ಹಾನ್ಸೂ ಸೇರಿ ಇದನ್ನು ನಡೆಸಿದುವು. ಡಾ. ಆರ್. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್, ಕನ್ನಡದಲ್ಲಿ ಮನೋವಿಜ್ಞಾನದ ಪುಸ್ತಕಗಳನ್ನು ಬರೆದು ನಮ್ಮ ಓದುಗರಿಗೆ ಪರಿಚಿತರಾದ ಡಾ. ಸಿ. ಆರ್. ಚಂದ್ರಶೇಖರ್ ಇವರೆಲ್ಲ ಆ ಕಾಲದ ನಿಮ್ಹಾನ್ಸಿನ ಸಮುದಾಯ ಮನೋವೈದ್ಯ ಕೆಲಸದಲ್ಲಿ ದುಡಿದವರು.

ಇನ್ನು ಅಲ್ಲಿ ಮಾಡಿದ್ದೇನು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಜಿಲ್ಲೆಯ ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಕೇಂದ್ರಗಳಿಗೂ ಉಪಕೇಂದ್ರಗಳಿಗೂ ಆರೇ ಆರು ಔಷಧಗಳನ್ನು ಒದಗಿಸಿದರು. ಕ್ಲೋರ್‌ಪ್ರೊಮಜಿನ್ ಎಂಬುದು ೧೯೫೨ರಲ್ಲಿ ಫ್ರಾನ್ಸಿನಲ್ಲಿ ಬಳಕೆಗೆ ಬಂದು ಮಾನಸಿಕ ಆಸ್ಪತ್ರೆಗಳ ಸ್ವರೂಪವನ್ನೇ ಬದಲಿಸಿದ ಮಾತ್ರೆ. ಅಮಿಟ್ರಿಪ್ಟಿಲಿನ್ ಖಿನ್ನತೆಗೆ. ಟ್ರೈಹೆಕ್ಸಿಫೆನಿಡಿಲ್, ಮೊದಲನೆಯದರಿಂದ ಕೈಕಾಲು ಬಿಗಿಯುವುದನ್ನು ತಡೆಯಲು. ಫಿನೋಬಾರ್ಬಿಟೋನ್ ಮತ್ತು ಫೆನಿಟೋಯಿನ್, ಮೂರ್ಛೆರೋಗಕ್ಕೆ. ಆರನೆಯದು ಫ್ಲೂಫೆನಜಿನ್ ಡೆಕನೊಯೇಟ್ ಎಂಬ ಇಂಜೆಕ್ಷನ್. ಎಣ್ಣೆಯಲ್ಲಿ ಕರಗಿಸಿದ ಈ ಔಷಧವನ್ನು ಮಾಂಸಖಂಡಕ್ಕೆ ಕೊಟ್ಟರೆ ಅಲ್ಲೇ ಕೂತು ಮೂರು ನಾಲ್ಕು ವಾರಗಳ ಕಾಲ ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಇಳಿಯುತ್ತದೆ. ದಿನಾ ಮಾತ್ರೆ ನುಂಗಿಸಲು ಹೆಣಗಬೇಕಾಗಿಲ್ಲ.

ಮೂರ್ಛೆರೋಗ ಮನೋರೋಗವಲ್ಲವಲ್ಲ, ಅದೇಕೆ ಇಲ್ಲಿ ಬಂತು ಎಂದು ಕೆಲವರು ಕೇಳಬಹುದು. ನಮ್ಮ ಹಳ್ಳಿಗಳಲ್ಲಿ ಎರಡಕ್ಕೂ ಅದೇ ದೆವ್ವ, ಅದೇ ಬೇವಿನಸೊಪ್ಪು. ವಾರಕ್ಕೆ ಎರಡು ಸಲ ಬಿದ್ದು ನೊರೆ ಕಾರುತ್ತಿದ್ದ ಹುಡುಗ ಮಾತ್ರೆಯಿಂದ ಬೀಳುವುದನ್ನು ನಿಲ್ಲಿಸಿದರೆ ಅದು ಊರಿಗೆಲ್ಲ ಕಣ್ಣಿಗೆ ಕಾಣುತ್ತದೆ. ಆ ನಂಬಿಕೆಯ ಬೆನ್ನಹಿಂದೆ ಉಳಿದ ರೋಗಿಗಳೂ ಬರುತ್ತಾರೆ.

ಜಿಲ್ಲಾ ಕೇಂದ್ರದಲ್ಲಿ ಒಂದು ಚಿಕ್ಕ ತಂಡವಿತ್ತು. ಒಬ್ಬ ಮನೋವೈದ್ಯರು, ಒಬ್ಬ ಮನಶ್ಶಾಸ್ತ್ರಜ್ಞರು, ಒಬ್ಬ ಸಮಾಜ ಕಾರ್ಯಕರ್ತರು, ಮತ್ತು ಒಬ್ಬ ಅಂಕಿಅಂಶದ ಗುಮಾಸ್ತ. ಹೌದು, ಗುಮಾಸ್ತ! ವೈದ್ಯಕೀಯದ ಚರಿತ್ರೆಯಲ್ಲಿ ನಮ್ಮ ಜಾತಿಯವರ ಹೆಸರು ಬರುವುದು ಅಪರೂಪ. ಆದ್ದರಿಂದ ಈ ಪಂಕ್ತಿಯನ್ನು ಓದಿದಾಗ ನಮಗಾದ ಹೆಮ್ಮೆಯನ್ನು ಓದುಗರು ಮನ್ನಿಸಬೇಕು. ಹಳ್ಳಿಯ ಡಾಕ್ಟರಿಗೆ ಬಗೆಹರಿಯದ ರೋಗಿಗಳನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ನೋಡುತ್ತಿದ್ದರು. ಅಗತ್ಯವಿದ್ದವರಿಗೆ ಅಲ್ಲೇ ಹತ್ತು ಹಾಸಿಗೆ. ಪ್ರತಿ ರೋಗಿಗೂ ಒಂದು ಸರಳವಾದ ಕಾರ್ಡು. ಪ್ರತಿ ತಿಂಗಳೂ ಪ್ರತಿ ಕೇಂದ್ರದಿಂದ ಒಂದು ವರದಿ. ಜಿಲ್ಲಾ ಆರೋಗ್ಯಾಧಿಕಾರಿಗಳು ಎಲ್ಲ ಡಾಕ್ಟರನ್ನೂ ಕರೆದು ನಡೆಸುವ ಮಾಸಿಕ ಸಭೆಯಲ್ಲಿ, ಕುಟುಂಬ ಯೋಜನೆ, ಚುಚ್ಚುಮದ್ದುಗಳ ಲೆಕ್ಕದ ಜೊತೆಗೇ ಮನೋರೋಗಿಗಳ ಲೆಕ್ಕವನ್ನೂ ಕೇಳುತ್ತಿದ್ದರು.

ಬಳ್ಳಾರಿಯ ಗುಟ್ಟು ಈ ಕಡೆಯ ಮಾತಿನಲ್ಲಿದೆಯೆಂದು ನಾವು ತಿಳಿದಿದ್ದೇವೆ. ತರಬೇತಿ ಎಲ್ಲ ಕಡೆಯೂ ನಡೆಯುತ್ತದೆ. ತರಬೇತಿ ಪಡೆದವರಿಗೆ ಒಂದು ಪ್ರಮಾಣಪತ್ರ, ಮಧ್ಯಾಹ್ನ ಊಟ, ಗುಂಪಿನ ಫೋಟೋ. ಮುಂದಿನ ತಿಂಗಳು ‘ಬಿಟ್ಟುಹೋದ ರೋಗಿಗಳು ಎಷ್ಟು, ಯಾಕೆ ಬಿಟ್ಟರು?’ ಎಂದು ಮೇಲಿನ ಅಧಿಕಾರಿ ಕೇಳುತ್ತಾರೆಂದು ಗೊತ್ತಿದ್ದರೆ ಮಾತ್ರ ಕಲಿತದ್ದು ಕೈಗೆ ಬರುತ್ತದೆ.

ಇದನ್ನು ನಾವು ಪುಸ್ತಕದಿಂದಷ್ಟೇ ಹೇಳುತ್ತಿಲ್ಲ. ನಮ್ಮ ತಾಯಿಯ ಊರು ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿ. ಆಗ ಬಳ್ಳಾರಿ ಜಿಲ್ಲೆ, ೨೦೨೧ರಿಂದ ವಿಜಯನಗರ ಜಿಲ್ಲೆ. ತಾಯಿಯ ತಮ್ಮ, ನಮ್ಮ ಸೋದರಮಾವ, ಪಿ.ಯು.ಸಿ. ಓದುತ್ತಿದ್ದವರು ಓದು ಬಿಟ್ಟು ಬಂದು ಗೋಡೆಯ ಕಡೆ ಮುಖಮಾಡಿ ಕೂತರು. ರಾತ್ರಿಯೆಲ್ಲ ಯಾರೊಂದಿಗೋ ಜಗಳ. ಗುಡಿ, ದರ್ಗಾ, ತಾಯಿತ ಎಲ್ಲ ಆದುವು. ಒಂದು ಎತ್ತು ಮಾರಿದರು. ೧೯೮೭ರಲ್ಲಿ ಮಲೇರಿಯಾಕ್ಕೆ ರಕ್ತ ತೆಗೆಯಲು ಬಂದ ಆರೋಗ್ಯ ಕಾರ್ಯಕರ್ತ ಎಂದಿನ ಪ್ರಶ್ನೆಗಳ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿದನಂತೆ. ಮನೆಯಲ್ಲಿ ತನ್ನಷ್ಟಕ್ಕೆ ತಾನು ಮಾತಾಡಿಕೊಳ್ಳುವವರು ಇದ್ದಾರೆಯೇ? ಮೂರ್ಛೆ ಬೀಳುವವರು ಇದ್ದಾರೆಯೇ? ನಮ್ಮಜ್ಜಿ ಇಲ್ಲವೆಂದರು. ಒಳಗಿನಿಂದ ಮಾಮನ ಧ್ವನಿಯೇ ಉತ್ತರ ಕೊಟ್ಟಿತು.

ಆಗ ನಮಗೆ ಎಂಟು ವರ್ಷ. ಬೇಸಿಗೆ ರಜೆಯಲ್ಲಿ ಅಮ್ಮನ ಜೊತೆ ಮಾಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ನೆನಪು ಚೆನ್ನಾಗಿದೆ. ಬಾಣಂತಿಯರು, ಕೆಮ್ಮಿನವರು, ನಾಯಿ ಕಚ್ಚಿದವರು ಕೂತಿದ್ದ ಅದೇ ಬೆಂಚಿನ ಮೇಲೆ ನಾವೂ ಕೂತೆವು. ಯಾರೂ ತಿರುಗಿ ನೋಡಲಿಲ್ಲ. ಇಂಜೆಕ್ಷನ್ ಕೊಟ್ಟ ಮೇಲೆ ನರ್ಸಮ್ಮ ಕಾರ್ಡಿನಲ್ಲಿ ತಾರೀಖು ಬರೆದು, ‘ಯಕ್ಕಾ, ಮುಂದಿನ ತಿಂಗಳು ತಪ್ಪಿಸಬ್ಯಾಡ. ಅಂವ ಬರಾಕ ಒಲ್ಲೆ ಅಂದ್ರ ನಾನ ಬರ್ತೀನಿ’ ಅಂದರು. ಮಳೆಗಾಲದಲ್ಲಿ ಒಂದು ತಿಂಗಳು ನಿಜವಾಗಿಯೂ ಬಂದರಂತೆ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಎರಡು ವರ್ಷದೊಳಗೆ ಮಾಮ ಹೊಲಕ್ಕೆ ಹೋಗತೊಡಗಿದರು. ಕಾಯಿಲೆ ಪೂರ್ತಿ ಹೋಯಿತೆಂದಲ್ಲ. ಇಂದಿಗೂ ಮಾತು ಕಡಿಮೆ, ಮದುವೆಯಾಗಲಿಲ್ಲ. ಆದರೆ ಶೇಂಗಾ ಹೊಲದಲ್ಲಿ ಅವರು ಹೂಡಿದ ಸಾಲು ಸೊಟ್ಟಗಾದುದನ್ನು ಯಾರೂ ಕಂಡಿಲ್ಲ.

ಆ ನರ್ಸಮ್ಮನವರಿಗೆ ವರ್ಗವಾದ ಮೇಲೆ, ತೊಂಬತ್ತರ ದಶಕದ ನಡುವೆ, ಒಂದು ಕಡೆ ಎರಡು ತಿಂಗಳು ಇಂಜೆಕ್ಷನ್ನಿನ ದಾಸ್ತಾನು ಬರಲಿಲ್ಲ. ಹೊಸ ಡಾಕ್ಟರು ‘ಇದು ನಮ್ಮ ಕೆಲಸವಲ್ಲ, ದೊಡ್ಡಾಸ್ಪತ್ರೆಗೆ ಹೋಗಿ’ ಎಂದರು. ಮೂರನೆಯ ತಿಂಗಳು ಮಾಮ ಮತ್ತೆ ಗೋಡೆಯ ಕಡೆ ತಿರುಗಿದರು. ಬಳ್ಳಾರಿಗೆ ಹೋಗಿ, ಹದಿನೈದು ದಿನ ಅಲ್ಲಿದ್ದು ಸರಿಪಡಿಸಿಕೊಂಡು ಬರಬೇಕಾಯಿತು. ಕೆಲಸ ಯಾರದು ಎಂಬ ಈ ಪ್ರಶ್ನೆಯನ್ನು ಓದುಗರು ನೆನಪಿನಲ್ಲಿಡಬೇಕು.

ಬಳ್ಳಾರಿಯ ಅನುಭವವನ್ನು ನೋಡಿ ಕೇಂದ್ರ ಸರ್ಕಾರ ೧೯೯೬ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ದೇಶಕ್ಕೆ ವಿಸ್ತರಿಸಿತು. ಮೊದಲು ಆರಿಸಿದ್ದು ನಾಲ್ಕು ಜಿಲ್ಲೆಗಳನ್ನು. ಅಸ್ಸಾಮಿನ ನಗಾಂವ್, ರಾಜಸ್ಥಾನದ ಸೀಕರ್, ತಮಿಳುನಾಡಿನ ತಿರುಚಿರಾಪಳ್ಳಿ, ಮತ್ತು ಆಗಿನ ಆಂಧ್ರಪ್ರದೇಶದ ಮೆದಕ್. ಮೆದಕ್ ಎಂದರೆ ನಮ್ಮ ಬಾಗಿಲಿಗೇ ಬಂದಂತಾಯಿತು. ೨೦೧೬ರಲ್ಲಿ ಸಂಗಾರೆಡ್ಡಿ, ಸಿದ್ದಿಪೇಟೆಗಳು ಬೇರೆಯಾಗುವ ಮೊದಲು ಈ ಜಿಲ್ಲೆ ಹೈದರಾಬಾದಿನ ಪಕ್ಕದಿಂದ ಬೀದರಿನ ಗಡಿಯವರೆಗೆ ಹಬ್ಬಿತ್ತು. ಜಹೀರಾಬಾದ್, ನಾರಾಯಣಖೇಡದ ಕಡೆ ಮನೆಯಲ್ಲಿ ಕನ್ನಡವನ್ನೂ ಸಂತೆಯಲ್ಲಿ ತೆಲುಗನ್ನೂ ಆಡುವ ಕುಟುಂಬಗಳಿರುವುದು ನಮ್ಮ ಸಂಘದ ಬೀದರಿನ ಸದಸ್ಯರಿಗೆ ಹೊಸ ಮಾತಲ್ಲ. ಒಂಬತ್ತನೆಯ ಯೋಜನೆಯಲ್ಲಿ ಕಾರ್ಯಕ್ರಮ ೨೭ ಜಿಲ್ಲೆಗಳಿಗೆ ಬೆಳೆಯಿತು. ೨೦೦೧ರ ಆಗಸ್ಟ್ ೬ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಗುಡಿಸಲಿಗೆ ಬೆಂಕಿ ಬಿದ್ದು, ಸರಪಳಿಯಲ್ಲಿದ್ದ ಮನೋರೋಗಿಗಳು ೨೮ ಮಂದಿ ಸತ್ತರು. ಸರ್ವೋಚ್ಚ ನ್ಯಾಯಾಲಯ ವಿಚಾರಣೆ ಕೈಗೆತ್ತಿಕೊಂಡಿತು. ಜಿಲ್ಲೆಗಳ ಸಂಖ್ಯೆ ಏರುತ್ತ ಹೋಗಿ ಈಗ ದೇಶದ ಬಹುಪಾಲನ್ನು ಆವರಿಸಿದೆ.

ಸಂಖ್ಯೆ ಏರಿತು, ಸತ್ವ ಇಳಿಯಿತು ಎಂಬುದು ಆ ಮೇಲೆ ನಡೆದ ಮೌಲ್ಯಮಾಪನಗಳ ಒಟ್ಟು ತಾತ್ಪರ್ಯ. ಮನೋವೈದ್ಯರ ಹುದ್ದೆಗಳು ಖಾಲಿ, ಔಷಧದ ಪೂರೈಕೆ ಅನಿಯತ, ತರಬೇತಿ ಪಡೆದ ಡಾಕ್ಟರಿಗೆ ವರ್ಗ, ಖರ್ಚಾಗದ ಹಣ. ಬಹಳ ಕಡೆ ಜಿಲ್ಲಾಸ್ಪತ್ರೆಯಲ್ಲಿ ಒಂದು ಮನೋವೈದ್ಯ ವಿಭಾಗ ತೆರೆದದ್ದೇ ಕಾರ್ಯಕ್ರಮವಾಯಿತು. ಬಳ್ಳಾರಿಯಲ್ಲಿ ಮನೋವೈದ್ಯರು ಹಳ್ಳಿಯ ಡಾಕ್ಟರ ಬೆನ್ನಿಗೆ ನಿಂತಿದ್ದರು. ಇಲ್ಲಿ ಹಳ್ಳಿಯ ಡಾಕ್ಟರು ರೋಗಿಗೆ ದಾರಿ ತೋರಿಸುವ ಕೈಮರವಾದರು. ೨೦೧೫-೧೬ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿದ್ದು ನಿಮ್ಹಾನ್ಸೇ. ಅದರ ಪ್ರಕಾರ ಚಿಕಿತ್ಸೆ ಬೇಕಾಗಿಯೂ ಸಿಗದವರ ಪ್ರಮಾಣ ಬೇರೆಬೇರೆ ಕಾಯಿಲೆಗಳಲ್ಲಿ ನೂರಕ್ಕೆ ೭೦ರಿಂದ ೯೨. ಕುಡಿತದ ಚಟದವರಲ್ಲಿ ೮೬.

ಈ ಕುಡಿತದ ಮಾತಿಗೆ ಬರೋಣ. ಬಳ್ಳಾರಿಯ ಆರು ಔಷಧಗಳ ಪಟ್ಟಿಯನ್ನು ಮತ್ತೆ ನೋಡಿರಿ. ಹುಚ್ಚಿಗಿದೆ, ಖಿನ್ನತೆಗಿದೆ, ಮೂರ್ಛೆಗಿದೆ. ಚಟಕ್ಕೆಂದು ಒಂದೂ ಇಲ್ಲ. ಅದು ಆ ತಜ್ಞರ ತಪ್ಪಲ್ಲ. ಎಲ್ಲಿಂದಾದರೂ ಒಂದು ಕಡೆ ಮೊದಲು ಮಾಡಬೇಕು. ಆದರೆ ಅದೇ ಹೊತ್ತಿಗೆ ದೆಹಲಿಯಲ್ಲಿ ಚಟದ ಕಡತವೇ ಬೇರೆ ದಾರಿ ಹಿಡಿಯಿತು. ೧೯೮೫ರಲ್ಲಿ ಮಾದಕ ವಸ್ತುಗಳ ಕಾಯಿದೆ ಬಂತು. ೧೯೮೫-೮೬ರಿಂದ ಕಲ್ಯಾಣ ಮಂತ್ರಾಲಯ ಸ್ವಯಂಸೇವಾ ಸಂಸ್ಥೆಗಳಿಗೆ ಧನಸಹಾಯ ಕೊಟ್ಟು ವ್ಯಸನಮುಕ್ತಿ ಕೇಂದ್ರಗಳನ್ನು ನಡೆಸಿಸಿತು. ಆರೋಗ್ಯ ಮಂತ್ರಾಲಯ ೧೯೮೮ರಲ್ಲಿ ತನ್ನದೇ ಬೇರೆ ಕಾರ್ಯಕ್ರಮವನ್ನು ಆರಂಭಿಸಿ ಆಸ್ಪತ್ರೆಗಳಲ್ಲಿ ಕೇಂದ್ರಗಳನ್ನು ತೆರೆಯಿತು. ಮದ್ಯ ಮಾರಿ ಬರುವ ವರಮಾನ ರಾಜ್ಯದ ಅಬಕಾರಿ ಇಲಾಖೆಯದು. ಒಬ್ಬನೇ ಮನುಷ್ಯ ಸಂಜೆ ಅಬಕಾರಿಗೆ ಗಿರಾಕಿ, ಮುಂಜಾನೆ ಕಲ್ಯಾಣ ಇಲಾಖೆಗೆ ವ್ಯಸನಿ, ನಡುರಾತ್ರಿ ನಡುಕ ಹತ್ತಿದರೆ ಮಾತ್ರ ಆರೋಗ್ಯ ಇಲಾಖೆಗೆ ರೋಗಿ. ಮೂರು ಕಡತಗಳು ಮೂರು ಬೇರೆ ಬೀರುಗಳಲ್ಲಿದ್ದರೆ ಏನಾಗುತ್ತದೆಂದು ನಾವು ದಿನವೂ ನೋಡುತ್ತೇವೆ.

ಏನಾಗುತ್ತದೆಂಬುದನ್ನು ಈ ಸೀಮೆಯೇ ಎರಡು ಸಲ ಕಂಡಿತು. ತೆಲಂಗಾಣದಲ್ಲಿ ಕಳ್ಳು ಕುಡಿಯುವುದು ಹಳೆಯ ರೂಢಿ. ಈಚಲು, ತಾಳೆಯ ಮರಗಳು ಕಡಿಮೆಯಾಗಿ ಕುಡಿಯುವವರು ಹೆಚ್ಚಾದಂತೆ ನೀರಿಗೆ ಸಕ್ಕರೆ, ಸ್ಯಾಕರಿನ್ ಸೇರಿಸಿ, ಮತ್ತಿಗೆಂದು ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್, ಅಲ್‌ಪ್ರಜೋಲಾಮ್ ಮುಂತಾದ ನಿದ್ರೆಯ ಔಷಧಗಳನ್ನು ಬೆರೆಸುವ ಕೆಟ್ಟ ದಂಧೆ ಬೆಳೆಯಿತು. ವರ್ಷಗಟ್ಟಲೆ ಅದನ್ನು ಕುಡಿದವರಿಗೆ ಅದು ಕಳ್ಳಿನ ಚಟವಲ್ಲ, ಗುಳಿಗೆಯ ಚಟ. ಆದರೆ ಅವರಿಗದು ಗೊತ್ತಿಲ್ಲ. ೨೦೧೫ರ ಸೆಪ್ಟೆಂಬರಿನಲ್ಲಿ ಸರ್ಕಾರ ಕಲಬೆರಕೆಯ ಮೇಲೆ ದಾಳಿ ನಡೆಸಿತು. ಒಳ್ಳೆಯ ಕೆಲಸವೇ. ಆದರೆ ಗುಳಿಗೆಯಿಲ್ಲದ ಕಳ್ಳು ಕುಡಿದವರು ಎರಡು ಮೂರು ದಿನಗಳಲ್ಲಿ ನಡುಗತೊಡಗಿದರು, ಬಡಬಡಿಸಿದರು, ಮೂರ್ಛೆ ಬಿದ್ದರು. ನಿಜಾಮಾಬಾದ್, ಮೆದಕ್, ಮೆಹಬೂಬ್‌ನಗರದ ಕಡೆಗಳಿಂದ ಗುಂಪುಗುಂಪಾಗಿ ಆಸ್ಪತ್ರೆಗಳಿಗೆ, ಎರ್ರಗಡ್ಡಕ್ಕೆ ಬಂದರು. ಕೆಲವರು ಸತ್ತರು. ೧೯೯೬ರಲ್ಲಿ ದೇಶದ ಮೊದಲ ನಾಲ್ಕರಲ್ಲಿ ಒಂದೆಂದು ಆರಿಸಿದ ಮೆದಕಿನಿಂದಲೂ ಬಂದರು ಎಂಬುದನ್ನು ಗಮನಿಸಬೇಕು. ಅಬಕಾರಿಯವರು ಅಂಗಡಿಗೆ ಹೋಗುವ ಹಿಂದಿನ ದಿನ ಆರೋಗ್ಯ ಕೇಂದ್ರಕ್ಕೆ ಒಂದು ಚೀಟಿ ಹೋಗಿದ್ದರೆ!

ಇದರ ಹಿಂದಿನ ವಿಜ್ಞಾನ ಕಷ್ಟದ್ದಲ್ಲ. ಮದ್ಯವೂ ಈ ಗುಳಿಗೆಗಳೂ ಮೆದುಳಿಗೆ ಬ್ರೇಕು ಇದ್ದಹಾಗೆ. ಯಾವಾಗಲೂ ಬ್ರೇಕು ಒತ್ತಿದ ಗಾಡಿಯನ್ನು ಓಡಿಸಲು ಆಕ್ಸಿಲರೇಟರನ್ನು ಇನ್ನಷ್ಟು ತುಳಿಯಬೇಕಷ್ಟೆ. ಮೆದುಳೂ ಹಾಗೆಯೇ ತನ್ನನ್ನು ಹೊಂದಿಸಿಕೊಂಡಿರುತ್ತದೆ. ಒಮ್ಮೆಲೇ ಬ್ರೇಕು ತೆಗೆದರೆ ಗಾಡಿ ನುಗ್ಗುತ್ತದೆ. ಮದ್ಯ ನಿಂತ ಕೆಲವೇ ತಾಸುಗಳಲ್ಲಿ ನಡುಕ, ಬೆವರು. ಒಂದೆರಡು ದಿನದೊಳಗೆ ಕೆಲವರಿಗೆ ಮೂರ್ಛೆ. ಎರಡರಿಂದ ನಾಲ್ಕು ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ ಹಾವು, ಇಲ್ಲದ ಜನ ಕಾಣುವ ಭ್ರಮೆ. ಅದರಲ್ಲಿ ಪ್ರಾಣವೂ ಹೋಗಬಹುದು. ಡಯಾಜೆಪಾಮ್ ಅಥವಾ ಅದೇ ಬಗೆಯ ಔಷಧವನ್ನು ಡಾಕ್ಟರು ಅಳತೆಯಲ್ಲಿ ಕೊಟ್ಟು ದಿನದಿನಕ್ಕೆ ಇಳಿಸುತ್ತ ಬರುವುದು, ಜೊತೆಗೆ ಬಿ-೧ ಜೀವಸತ್ವ ಕೊಡುವುದು ಚಿಕಿತ್ಸೆ. ತೀವ್ರವಾದವರಿಗೆ ಆಸ್ಪತ್ರೆಯೇ ಬೇಕು. ಉಳಿದ ಬಹಳ ಮಂದಿಗೆ, ಗುರುತಿಸಲು ಕಲಿತ ಡಾಕ್ಟರು ಹತ್ತಿರದಲ್ಲಿದ್ದರೆ ಸಾಕು.

ಎರಡನೆಯ ಸಲ ೨೦೨೦. ಮಾರ್ಚಿಯ ಕೊನೆಯ ವಾರದಲ್ಲಿ ದೇಶವೆಲ್ಲ ಬಾಗಿಲು ಹಾಕಿತು. ಮದ್ಯದಂಗಡಿಗಳೂ ಮುಚ್ಚಿದುವು, ಇಲ್ಲಿ ಮತ್ತೆ ತೆರೆದದ್ದು ಮೇ ೬ರಂದು. ನಮ್ಮ ಷಡ್ಡಕರು ದೊಡ್ಡ ಕುಡುಕರೆಂದು ಯಾರೂ ಹೇಳುತ್ತಿರಲಿಲ್ಲ. ಒಂದು ದಿನವೂ ಕೆಲಸ ತಪ್ಪಿಸಿದವರಲ್ಲ, ಮನೆಯಲ್ಲಿ ಧ್ವನಿಯೆತ್ತಿದವರಲ್ಲ. ರಾತ್ರಿ ಊಟಕ್ಕೆ ಮೊದಲು ಒಂದು ಕ್ವಾರ್ಟರ್, ಹದಿನೈದು ವರ್ಷದಿಂದ. ಎರಡನೆಯ ದಿನ ಕೈ ನಡುಗಿ ಚಹಾದ ಲೋಟ ಬಿತ್ತು. ಬೀದಿಯ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ತೋರಿಸಿದೆವು. ಜ್ವರವಿದೆಯೇ, ಕೆಮ್ಮಿದೆಯೇ ಎಂದು ದೂರದಿಂದಲೇ ಕೇಳಿ, ಇಲ್ಲವೆಂದಾಗ ‘ಹೆದರಿಕೆ ಅಷ್ಟೆ’ ಎಂದು ವಿಟಮಿನ್ ಬರೆದುಕೊಟ್ಟರು. ಕುಡಿತದ ಬಗ್ಗೆ ಅವರು ಕೇಳಲಿಲ್ಲ. ನಾವು ಹೇಳಲಿಲ್ಲ, ಮರ್ಯಾದೆ ಅಡ್ಡ ಬಂತು. ಮೂರನೆಯ ರಾತ್ರಿ ಅವರು ಗೋಡೆಯ ಮೇಲಿಂದ ಇರುವೆಗಳನ್ನು ಆರಿಸತೊಡಗಿದರು. ಗೋಡೆಯ ಮೇಲೆ ಇರುವೆ ಇರಲಿಲ್ಲ. ನಮಗೆ ನಮ್ಮ ಮಾಮ ಕೂತಿದ್ದ ಗೋಡೆ ನೆನಪಾಗಿ ಎದೆ ಧಸಕ್ಕೆಂದಿತು. ಪೊಲೀಸರ ಪಾಸು ಹಿಡಿದು ಎರ್ರಗಡ್ಡಕ್ಕೆ ಹೋಗುವ ದಾರಿಯಲ್ಲಿ, ಆಟೋದಲ್ಲೇ, ಅವರಿಗೆ ಮೂರ್ಛೆ ಬಂತು.

ಅಲ್ಲಿ ನಾವು ಕಂಡ ಸಾಲಿನಲ್ಲಿ ಕೂಲಿಯವರಿದ್ದರು, ನಮ್ಮಂಥ ಅಂಗಿ ಪ್ಯಾಂಟಿನವರಿದ್ದರು, ಒಬ್ಬರ ಪರಿಚಯವೂ ಇತ್ತು. ಆ ದಿನಗಳಲ್ಲಿ ಆ ಆಸ್ಪತ್ರೆಗೆ ಬಂದವರಲ್ಲಿ ಬಹಳ ಮಂದಿ ಮದ್ಯ ಸಿಗದೆ ಹೀಗಾದವರೇ ಎಂದು ಪತ್ರಿಕೆಗಳಲ್ಲಿಯೂ ಬಂತು. ವೈದ್ಯರು ನೋಡಿದ ಕೂಡಲೇ ಗುರುತಿಸಿದರು, ಔಷಧ ಕೊಟ್ಟರು. ಐದು ದಿನದಲ್ಲಿ ಷಡ್ಡಕರು ಹೆಂಡತಿಯ ಹೆಸರು ಹಿಡಿದು ಕರೆದರು. ಯಾವ ಹೆಸರು ಹೇಳಿ ನಕ್ಕಿದ್ದೆವೋ ಆ ಬಾಗಿಲಿನ ಒಳಗೇ ನಮ್ಮ ಮನೆಯ ಒಂದು ಜೀವ ಉಳಿಯಿತು. ಆದರೆ ಮೂರು ದಿನ ಮೊದಲೇ ನಮ್ಮ ಬೀದಿಯಲ್ಲಿಯೇ ಆಗಬಹುದಾಗಿದ್ದ ಕೆಲಸವದು.

ಇದು ಬರಿಯ ಆಸೆಯ ಮಾತಲ್ಲ. ಪಕ್ಕದ ಗೋವಾದಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ೧೦ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಪರೀಕ್ಷೆ ನಡೆಸಿ ೨೦೧೭ರಲ್ಲಿ ಫಲಿತಾಂಶ ಪ್ರಕಟಿಸಿದರು. ವೈದ್ಯರಲ್ಲದ, ಊರಿನವರೇ ಆದ ಆಪ್ತಸಲಹೆಗಾರರು ತರಬೇತಿ ಪಡೆದು, ಮಿತಿಮೀರಿ ಕುಡಿಯುವ ಗಂಡಸರೊಡನೆ ಕೆಲವೇ ಸಲ ಕೂತು ಮಾತಾಡಿದರು. ಸಾಮಾನ್ಯ ಚಿಕಿತ್ಸೆಯಷ್ಟೇ ಪಡೆದವರಿಗಿಂತ ಇವರಲ್ಲಿ ಹೆಚ್ಚು ಮಂದಿ ಕುಡಿತವನ್ನು ಹತೋಟಿಗೆ ತಂದರು. ಬೇರೆ ಕಾಯಿಲೆಗೆಂದು ಬಂದವರನ್ನೇ ಕೆಲವು ಪ್ರಶ್ನೆ ಕೇಳಿ ಗುರುತಿಸಿದ್ದು ಅದರ ವಿಶೇಷ. ಅಮೆರಿಕದಲ್ಲೂ ಮನೆವೈದ್ಯರು ಮತ್ತು ಮನೋವೈದ್ಯರ ನಡುವೆ ಒಬ್ಬ ನರ್ಸನ್ನು ಇಟ್ಟು, ಆಕೆ ರೋಗಿಗಳ ಪಟ್ಟಿ ಹಿಡಿದು ಬೆನ್ನುಹತ್ತುವ ಪದ್ಧತಿ ೨೦೦೨ರ ಹೊತ್ತಿಗೆ ಹೆಸರಾಯಿತು. ಓದಿದಾಗ ನಮಗೆ ಕೂಡ್ಲಿಗಿ ತಾಲ್ಲೂಕಿನ ಆ ನರ್ಸಮ್ಮನವರೇ ಕಣ್ಣಮುಂದೆ ಬಂದರು.

ಕಾಯಿದೆಯಲ್ಲಾದರೂ ಈಗ ಕಡತಗಳು ಹತ್ತಿರ ಬಂದಿವೆ. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆ ಮದ್ಯ ಹಾಗೂ ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಮಾನಸಿಕ ಸ್ಥಿತಿಗಳನ್ನೂ ಮನೋರೋಗದ ಅರ್ಥದಲ್ಲಿ ಸೇರಿಸಿದೆ. ಪ್ರಾಥಮಿಕ ಹಂತದಿಂದ ಹಿಡಿದು ಎಲ್ಲ ಹಂತಗಳ ಆರೋಗ್ಯಸೇವೆಯಲ್ಲೂ ಮಾನಸಿಕ ಚಿಕಿತ್ಸೆ ಬೆರೆತಿರಬೇಕೆಂದು ಸರ್ಕಾರದ ಮೇಲೆ ಹೊಣೆ ಹೊರಿಸಿದೆ. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ-ಮಾನಸ್ ಸೇವೆಗೆ ೧೪೪೧೬ ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು; ಹಣ ಕೊಡಬೇಕಾಗಿಲ್ಲ. ಊರು ಬಿಟ್ಟು ಬಂದ ನಮ್ಮಂಥವರು ಈ ಸಂಖ್ಯೆಯನ್ನು ಗ್ಯಾಸಿನವರ ಸಂಖ್ಯೆಯ ಪಕ್ಕದಲ್ಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅಣ್ಣತಮ್ಮಂದಿರು ದೂರ, ನೆರೆಯವರ ಭಾಷೆ ಬೇರೆ, ‘ನಮ್ಮವರಿಗೆ ತಿಳಿದರೆ?’ ಎಂಬ ಅಂಜಿಕೆ ಮಾತ್ರ ಹತ್ತಿರ.

ಹೋದ ದೀಪಾವಳಿಗೆ ನಮ್ಮ ಮಾಮ ಹೈದರಾಬಾದಿಗೆ ಬಂದಿದ್ದರು. ಕಾಚಿಗುಡ ನಿಲ್ದಾಣದಲ್ಲಿ ಇಳಿದವರೇ ತಲೆ ಸುತ್ತುತ್ತದೆಂದರು. ಹತ್ತಿರದ ಒಂದು ಚಿಕ್ಕ ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದೆವು. ತೆಲುಗಿನ ಹುಡುಗಿ, ಹೊಸ ಡಾಕ್ಟರು. ಬಿ.ಪಿ. ನೋಡಿ, ಹೆಚ್ಚಿದೆಯೆಂದು ಹೇಳಿ, ಬೇರೆ ಯಾವ ಔಷಧ ತೆಗೆದುಕೊಳ್ಳುತ್ತಾರೆಂದು ಕೇಳಿದರು. ನಾವು ಷಡ್ಡಕರ ವಿಷಯದಲ್ಲಿ ಮಾಡಿದಂತೆಯೇ ಒಂದು ಕ್ಷಣ ಸುಮ್ಮನಾದೆವು. ಮಾಮ ಮಾತ್ರ ಏನೂ ಅನ್ನದೆ ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟರು. ಆಕೆ ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಕಡೆಯ ಇಂಜೆಕ್ಷನ್ ಯಾವಾಗ ಎಂದು ಕೇಳಿ ತಾರೀಖು ನೋಡಿಕೊಂಡರು. ಆಮೇಲೆ ಬೇರೆ ಚೀಟಿ ತೆಗೆಯದೆ, ಅದೇ ಕಾರ್ಡಿನ ಕೆಳಗೆ ಬಿ.ಪಿ. ಮಾತ್ರೆಯನ್ನೂ ಬರೆದುಕೊಟ್ಟರು. ಮಾಮ ಅದನ್ನು ಮೊದಲಿನಂತೆಯೇ ಮಡಿಚಿ ಜೇಬಿನಲ್ಲಿಟ್ಟುಕೊಂಡರು.